ಸ್ವಾಪ್ ಹಾಕುವ ಮುನ್ನ ಹಿಂದೆ ಆರು ದಿನ, ಮುಂದೆ ಆರು ದಿನ

ಕ್ಯಾಬಿನ್ ಕ್ರೂ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಕಿವಿಗೆ ಬೀಳುವ ಮಾತು ಸ್ವಾಪ್. ನನ್ನ ಫ್ಲೈಟ್ ನಿನಗೆ, ನಿನ್ನದು ನನಗೆ. ಕೇಳಲು ಸುಲಭ. ಆದರೆ ಫ್ಲೈಟಿನ ಜೊತೆಗೆ ಹಿಂದಿನ ರಾತ್ರಿಯ ನಿದ್ದೆ, ಮಾರನೇ ದಿನದ ರಿಪೋರ್ಟಿಂಗ್, ಆ ವಾರದ ಆಫ್, ತಿಂಗಳ ಕೊನೆಯ ಅಲೋಯನ್ಸ್ ಇವೂ ಕೈ ಬದಲಾಗುತ್ತವೆ. ಹೆಚ್ಚಿನ ಸ್ವಾಪ್‌ಗಳು ತಿರಸ್ಕೃತವಾಗುವುದು ಈ ಅಕ್ಕಪಕ್ಕದ ದಿನಗಳನ್ನು ನೋಡದೆ ಹಾಕಿದ್ದರಿಂದ. ಬೆಂಗಳೂರು ಬೇಸ್‌ನಲ್ಲಿ, ಏರ್‌ಬಸ್ 320 ವಿಮಾನಗಳ ದೇಶೀಯ ಸೆಕ್ಟರ್‌ಗಳಲ್ಲಿ (ಒಂದು ಊರಿಂದ ಇನ್ನೊಂದಕ್ಕೆ ಒಂದು ಹಾರಾಟ ಎಂದರೆ ಒಂದು ಸೆಕ್ಟರ್) ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ರೋಸ್ಟರ್‌ನ, ಅಂದರೆ ತಿಂಗಳ ಡ್ಯೂಟಿ ಪಟ್ಟಿಯ, ಕೋಡುಗಳು, ಸ್ವಾಪ್‌ನ ಗಡುವು ಕಂಪನಿಯಿಂದ ಕಂಪನಿಗೆ ಬೇರೆ ಬೇರೆ. ಲೆಕ್ಕ ಹಾಕುವ ಬಗೆ ಮಾತ್ರ ಎಲ್ಲರಿಗೂ ಹೊಂದುತ್ತದೆ.

ರೋಸ್ಟರ್ ಬಂದ ದಿನ ನಾನು ಯಾರಿಗೂ ಮೆಸೇಜ್ ಹಾಕುವುದಿಲ್ಲ. ಮೊದಲು ಒಂದು ಹಾಳೆ ತೆಗೆದುಕೊಂಡು ಪ್ರತಿ ದಿನಕ್ಕೂ ನಾಲ್ಕು ಅಂಕಿ ಬರೆದುಕೊಳ್ಳುತ್ತೇನೆ: ರಿಪೋರ್ಟಿಂಗ್ ಸಮಯ, ಡ್ಯೂಟಿ ಮುಗಿಯುವ ಸಮಯ, ಬ್ಲಾಕ್ ಅವರ್ಸ್ (ವಿಮಾನ ನಿಲ್ದಾಣದ ಜಾಗ ಬಿಟ್ಟು ಹೊರಟಲ್ಲಿಂದ ಇನ್ನೊಂದು ಕಡೆ ಬಂದು ನಿಲ್ಲುವವರೆಗಿನ ಗಂಟೆಗಳು), ಹಿಂದಿನ ಡ್ಯೂಟಿಯಿಂದ ಸಿಕ್ಕ ವಿಶ್ರಾಂತಿ. ಇದಕ್ಕೆ ಇಪ್ಪತ್ತು ನಿಮಿಷ ಸಾಕು. ಆಮೇಲೆ ಇಡೀ ತಿಂಗಳು ಯಾವ ಸ್ವಾಪ್ ಸಾಧ್ಯ, ಯಾವುದು ಅಸಾಧ್ಯ ಎಂದು ಕಣ್ಣಿಗೇ ಕಾಣುತ್ತದೆ.

ಬರೆಯುವಾಗ ಮೊದಲ ಎಡವಟ್ಟು ಗಡಿಯಾರದ್ದು. ನಿಮ್ಮ ಆ್ಯಪ್ ಸಮಯವನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ವಿಶ್ವ ಸಮಯ) ತೋರಿಸುತ್ತದೋ ನಮ್ಮ ಗಡಿಯಾರದಲ್ಲೋ ಎಂದು ನೋಡಿಕೊಳ್ಳಿ. ನಮ್ಮದು ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಯುಟಿಸಿಯಲ್ಲಿ 18:30ರ ನಂತರದ್ದೆಲ್ಲ ನಮಗೆ ಮಾರನೇ ತಾರೀಖು. ಯುಟಿಸಿಯಲ್ಲಿ 13ನೇ ತಾರೀಖು 19:15 ಎಂದಿದ್ದರೆ ನಮ್ಮಲ್ಲಿ ಅದು 14ರ ನಡುರಾತ್ರಿ 00:45. ತಾರೀಖು ತಪ್ಪಿ ಸ್ವಾಪ್ ಹಾಕಿಕೊಂಡವರು ಒಂದೋ ಆಫ್ ದಿನ ಮೇಕಪ್ ಹಾಕಿಕೊಂಡು ಕೂತಿರುತ್ತಾರೆ, ಇಲ್ಲವೇ ಡ್ಯೂಟಿಗೆ ಬಾರದೆ ನೋ-ಶೋ ಆಗುತ್ತಾರೆ. ನಾನು ಎಲ್ಲವನ್ನೂ ಮೊದಲೇ ಭಾರತೀಯ ಸಮಯಕ್ಕೆ ತಂದು, ಪಕ್ಕದಲ್ಲಿ ವಾರದ ಹೆಸರನ್ನೂ ಬರೆಯುತ್ತೇನೆ. ಸಂಖ್ಯೆ ತಪ್ಪಿದರೂ ‘ಗುರುವಾರ’ ಎಂಬ ಪದ ಎಚ್ಚರಿಸುತ್ತದೆ.

ಇನ್ನು ವಿಶ್ರಾಂತಿಯ ಲೆಕ್ಕ. ಬೇಸ್‌ನಲ್ಲಿ ಎರಡು ಡ್ಯೂಟಿಗಳ ನಡುವೆ ಹಿಂದಿನ ಡ್ಯೂಟಿ ಎಷ್ಟು ಉದ್ದವಿತ್ತೋ ಅಷ್ಟು, ಅಥವಾ 12 ಗಂಟೆ, ಇವೆರಡರಲ್ಲಿ ಹೆಚ್ಚಿನದನ್ನು ನಾನು ಹಿಡಿಯುತ್ತೇನೆ. ಒಂದು ದಿನವನ್ನು ಬಿಡಿಸಿ ನೋಡೋಣ. ಮಂಗಳವಾರ ರಿಪೋರ್ಟಿಂಗ್ 15:20. ದೆಹಲಿಗೆ ಹೋಗಿ ವಾಪಸ್ ಬೆಂಗಳೂರಿಗೆ ಬರುವುದು 22:40. ಪ್ರಯಾಣಿಕರು ಇಳಿದು, ಕ್ಯಾಬಿನ್ ನೋಡಿ, ಲೆಕ್ಕ ಒಪ್ಪಿಸುವ ಕೆಲಸಕ್ಕೆ ಅರ್ಧ ಗಂಟೆ ಸೇರಿಸಿದರೆ ಡ್ಯೂಟಿ ಮುಗಿಯುವುದು 23:10ಕ್ಕೆ. ಅಲ್ಲಿಂದ 12 ಗಂಟೆ ಎಂದರೆ ಬುಧವಾರ 11:10. ಬುಧವಾರ 10:30ಕ್ಕೆ ರಿಪೋರ್ಟ್ ಮಾಡಬೇಕಾದ ಫ್ಲೈಟನ್ನು ಗೆಳತಿ ಎಷ್ಟೇ ಪ್ರೀತಿಯಿಂದ ಕೊಟ್ಟರೂ ಅದು ಆಗುವುದಿಲ್ಲ. ಸಿಸ್ಟಮ್ ಅದನ್ನು ತಳ್ಳಿಹಾಕುತ್ತದೆ.

11:30ರ ರಿಪೋರ್ಟಿಂಗ್ ಆದರೆ? ಕಾಗದದ ಮೇಲೆ ಸರಿ. ಅಪ್ರೂವ್ ಕೂಡ ಆಗುತ್ತದೆ. ಆದರೆ ಕೈಯಲ್ಲಿರುವುದು ಬರೀ ಇಪ್ಪತ್ತು ನಿಮಿಷ. ದೆಹಲಿಯಿಂದ ಹೊರಡುವುದು ಅರ್ಧ ಗಂಟೆ ತಡವಾದರೆ ಡ್ಯೂಟಿ ಹಂಚುವ ಶೆಡ್ಯೂಲಿಂಗ್‌ನವರು ಬುಧವಾರದ ಫ್ಲೈಟಿನಿಂದ ನಿಮ್ಮನ್ನು ತೆಗೆಯಲೇಬೇಕು. ಅಲ್ಲಿಗೆ ಸ್ಟ್ಯಾಂಡ್‌ಬೈ (ಕರೆ ಬಂದರೆ ಹೊರಡಲು ಸಿದ್ಧವಾಗಿ) ಇರುವ ಯಾರನ್ನೋ ಎಬ್ಬಿಸಿ ಕರೆಸುತ್ತಾರೆ. ನಿಮಗೆ ಬೇರೆ ಯಾವುದೋ ಡ್ಯೂಟಿ ಬೀಳುತ್ತದೆ. ಸ್ವಾಪ್ ಮಾಡಿಕೊಂಡ ಉದ್ದೇಶವೇ ಮಣ್ಣುಪಾಲು. ಆದ್ದರಿಂದ ನಾನು 12ರ ಮೇಲೆ ಕನಿಷ್ಠ ಎರಡು ಗಂಟೆ ಬಿಡುತ್ತೇನೆ. ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ದೆಹಲಿ, ಲಕ್ನೋ, ಅಮೃತಸರ ಮುಟ್ಟುವ ಡ್ಯೂಟಿಯಾದರೆ ಮಂಜಿನ ಲೆಕ್ಕಕ್ಕೆ ನಾಲ್ಕು ಗಂಟೆ. ಜೂನ್, ಜುಲೈನಲ್ಲಿ ಮುಂಬೈಗೂ ಹಾಗೆಯೇ.

ಫ್ಲೈಟ್ ಗಂಟೆಗಳ ಮಿತಿಯಲ್ಲಿ ಹೊಸಬರು ಎಡವುವುದು ‘ವಾರ’ ಎಂಬ ಮಾತಿನಲ್ಲಿ. ಸತತ 7 ದಿನಗಳಲ್ಲಿ 35 ಗಂಟೆ ದಾಟಬಾರದು ಎಂದರೆ ಸೋಮವಾರದಿಂದ ಭಾನುವಾರ ಎಂದಲ್ಲ, ಯಾವ ದಿನದಿಂದ ಎಣಿಸಿದರೂ ದಾಟಬಾರದು. ಒಂದು ದಿನದ ಡ್ಯೂಟಿ ಬದಲಾದರೆ ಆ ದಿನ ಒಳಗಿರುವ ಏಳು ಬೇರೆ ಬೇರೆ ಎಣಿಕೆಗಳು ಬದಲಾಗುತ್ತವೆ. ಅದಕ್ಕೇ ಹಿಂದೆ ಆರು ದಿನ, ಮುಂದೆ ಆರು ದಿನ ನೋಡಬೇಕು. ತಾರೀಖು, ಬ್ಲಾಕ್ ಗಂಟೆ ಹೀಗೆ: 10ಕ್ಕೆ 5:30, 11ಕ್ಕೆ 6:10, 12ಕ್ಕೆ 4:40, 13 ಆಫ್, 14ಕ್ಕೆ 5:50, 15ಕ್ಕೆ 5:35, 16ಕ್ಕೆ 4:40. ಒಟ್ಟು 32:25. ಈಗ 16ರ ಹುಬ್ಬಳ್ಳಿ, ಕೊಚ್ಚಿ ಡ್ಯೂಟಿ ಕೊಟ್ಟು ಅದೇ ದಿನದ ಕೋಲ್ಕತ್ತ, ಹೈದರಾಬಾದ್ ಡ್ಯೂಟಿ ತೆಗೆದುಕೊಳ್ಳಬೇಕೆಂದರೆ ಅದರ ಬ್ಲಾಕ್ 7:20. ಒಟ್ಟು 35:05. ಐದು ನಿಮಿಷಕ್ಕೆ ಕೆಟ್ಟಿತು. ಅದೇ ಡ್ಯೂಟಿ 17ಕ್ಕೆ ಸಿಕ್ಕರೆ 10ನೇ ತಾರೀಖಿನ ಐದೂವರೆ ಗಂಟೆ ಎಣಿಕೆಯಿಂದ ಹೊರಗೆ ಬೀಳುತ್ತದೆ, ಲೆಕ್ಕ ಮತ್ತೆ ಸಡಿಲವಾಗುತ್ತದೆ. ವರ್ಷದ ಮಿತಿ 1000 ಗಂಟೆ. ಹೆಚ್ಚು ಹಾರುವವರು ಅದನ್ನೂ ಒಮ್ಮೊಮ್ಮೆ ಕಣ್ಣಾಡಿಸಬೇಕು. ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಇದಕ್ಕಿಂತ ಬಿಗಿಯಾದ ಅಂಕಿಯಿದ್ದರೆ ಅದೇ ಅಂತಿಮ.

ವಾರದ ವಿಶ್ರಾಂತಿಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು, ಏಕೆಂದರೆ ಹೆಚ್ಚಿನ ಬೇಸರ ಹುಟ್ಟುವುದು ಇಲ್ಲೇ. ನಾವು ಪಾಲಿಸುವ ಲೆಕ್ಕದಲ್ಲಿ ವಾರದ ವಿಶ್ರಾಂತಿ ಎಂದರೆ ಎರಡು ಸ್ಥಳೀಯ ರಾತ್ರಿಗಳು ಸೇರಿದ 36 ಗಂಟೆ. ಒಂದು ವಾರದ ವಿಶ್ರಾಂತಿ ಮುಗಿದ ಮೇಲೆ ಮುಂದಿನದು 168 ಗಂಟೆಯೊಳಗೆ ಶುರುವಾಗಬೇಕು. ಸ್ಥಳೀಯ ರಾತ್ರಿ ಎಂದರೆ ರಾತ್ರಿ 10ರಿಂದ ಬೆಳಿಗ್ಗೆ 8ರ ನಡುವೆ ಸಿಗುವ 8 ಗಂಟೆ. ಶನಿವಾರ ರಾತ್ರಿ 23:40ಕ್ಕೆ ಡ್ಯೂಟಿ ಮುಗಿದರೆ ಬೆಳಿಗ್ಗೆ 7:40ಕ್ಕೆ ಎಂಟು ಗಂಟೆ ತುಂಬಿತು, ಆ ರಾತ್ರಿ ಲೆಕ್ಕಕ್ಕೆ ಬಂತು. ಡ್ಯೂಟಿ ಮುಗಿಯುವುದು 00:20 ಆದರೆ 8 ಗಂಟೆಯವರೆಗೆ ಸಿಗುವುದು 7:40 ಮಾತ್ರ. ಆ ರಾತ್ರಿ ರಾತ್ರಿಯೇ ಅಲ್ಲ! ಭಾನುವಾರ ರೋಸ್ಟರ್‌ನಲ್ಲಿ ಆಫ್ ಎಂದಿದ್ದರೂ ಎರಡನೇ ರಾತ್ರಿಗಾಗಿ ಸೋಮವಾರವೂ ಬೇಕಾಗುತ್ತದೆ, ಸೋಮವಾರದ ಬೆಳಗಿನ ಫ್ಲೈಟ್ ಕೈತಪ್ಪುತ್ತದೆ. ಆಫ್‌ಗೆ ಮುಂಚಿನ ದಿನ ರಾತ್ರಿ 11ರ ನಂತರ ಮುಗಿಯುವ ಡ್ಯೂಟಿಯನ್ನು ಸ್ವಾಪ್‌ನಲ್ಲಿ ನಾನು ಎಂದೂ ತೆಗೆದುಕೊಳ್ಳುವುದಿಲ್ಲ.

ಇದೇ ಕಾರಣಕ್ಕೆ ಆಫ್‌ಗೆ ಆಫ್ ಬದಲಾಯಿಸುವುದು ತೋರುವಷ್ಟು ಸುಲಭವಲ್ಲ. ನಿಮ್ಮ ಆಫ್ 7 ಮತ್ತು 14 ಎಂದುಕೊಳ್ಳಿ. 14ನ್ನು 17ಕ್ಕೆ ಮುಂದೂಡಿದರೆ ನಡುವೆ ಒಂಬತ್ತು ದಿನ ದುಡಿದಂತಾಗುತ್ತದೆ, 168 ಗಂಟೆ ಮುರಿಯುತ್ತದೆ. 14ನ್ನು ಹಿಂದೆ 12ಕ್ಕೆ ತಂದರೆ ಆ ಕಡೆ 21ರ ಆಫ್ ದೂರವಾಗುತ್ತದೆ. ಆಟಕ್ಕೆ ಬರುವುದು ಜೋಡಿ ಆಫ್ ಇದ್ದಾಗ ಮಾತ್ರ: ಎರಡು ದಿನ ಜೊತೆಗಿದ್ದರೆ ಒಂದನ್ನು ಬಿಟ್ಟುಕೊಟ್ಟರೂ ಉಳಿದದ್ದರಲ್ಲಿ 36 ಗಂಟೆ, ಎರಡು ರಾತ್ರಿ ಉಳಿಯುವಂತೆ ನೋಡಿಕೊಳ್ಳಬಹುದು.

ಹಾಗಾಗಿ ನನಗೆ ಯಾವುದೋ ದಿನ ಬೇಕಾದಾಗ ಮೊದಲು ಕೇಳಿಕೊಳ್ಳುವುದು, ಪೂರ್ತಿ ದಿನವೇ ಬೇಕಾ ಎಂದು. ಗೃಹಪ್ರವೇಶ, ಮದುವೆಯ ಧಾರೆ ಬೆಳಿಗ್ಗೆ. ಅಂದು ಸಂಜೆಯ ಫ್ಲೈಟ್ ಸಿಕ್ಕರೆ ಸಾಕು. ರಿಸೆಪ್ಷನ್ ಸಂಜೆ, ಬೆಳಗಿನ ಜಾವದ್ದು ಸಿಕ್ಕರೆ ಮಧ್ಯಾಹ್ನದೊಳಗೆ ಮನೆ. ಒಂದೇ ದಿನದ ಬೆಳಗಿನ ಡ್ಯೂಟಿಗೂ ಸಂಜೆಯ ಡ್ಯೂಟಿಗೂ ನಡುವಿನ ಸ್ವಾಪ್ ಆಫ್ ದಿನಗಳ ಲೆಕ್ಕವನ್ನು ಅಷ್ಟಾಗಿ ಕದಡುವುದಿಲ್ಲ, ಬೇಗ ಅಪ್ರೂವ್ ಆಗುತ್ತದೆ. ರಿಸೆಪ್ಷನ್‌ಗೆ ಹೋದವರಿಗೆ ಒಂದು ಮಾತು: ಡ್ಯೂಟಿಗೆ 12 ಗಂಟೆ ಮೊದಲಿನಿಂದ ಮದ್ಯ ನಿಷಿದ್ಧ. ಸಂಜೆಯ ಫ್ಲೈಟನ್ನು ಕೊನೆ ಗಳಿಗೆಯಲ್ಲಿ ಬೆಳಗಿನದಕ್ಕೆ ಬದಲಾಯಿಸಿಕೊಂಡರೆ ಈ 12 ಗಂಟೆಯೂ ಹಿಂದಕ್ಕೆ ಸರಿಯುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಕೂಡ ಬಳಸುವಂತಿಲ್ಲ.

ಯಾರನ್ನು ಕೇಳಬೇಕು ಎಂಬುದಕ್ಕೂ ಕ್ರಮವಿದೆ. ಲೀಡ್‌ಗೆ, ಅಂದರೆ ಆ ಫ್ಲೈಟಿನ ಕ್ರೂ ಮುಖ್ಯಸ್ಥರಿಗೆ, ಲೀಡೇ ಆಗಬೇಕು. ಪ್ರತಿ 50 ಸೀಟಿಗೆ ಒಬ್ಬ ಕ್ರೂ ಎಂಬ ಲೆಕ್ಕದಲ್ಲಿ 186 ಸೀಟಿನ 320ಗೆ ನಾಲ್ವರು, 78 ಸೀಟಿನ ಚಿಕ್ಕ ವಿಮಾನ ಎಟಿಆರ್‌ಗೆ ಇಬ್ಬರು. ಎಟಿಆರ್ ತರಬೇತಿ ಆಗದವರು ಆ ಇಬ್ಬರಲ್ಲಿ ಒಬ್ಬರಾಗಲು ಬರುವುದಿಲ್ಲ. ತೀರಾ ಹೊಸಬರೇ ಒಂದು ಫ್ಲೈಟಿನಲ್ಲಿ ತುಂಬಿದರೂ ಶೆಡ್ಯೂಲಿಂಗ್ ಒಪ್ಪುವುದಿಲ್ಲ. ವಾರ್ಷಿಕ ಸುರಕ್ಷತಾ ತರಬೇತಿ, ಏರ್‌ಪೋರ್ಟ್ ಎಂಟ್ರಿ ಪಾಸ್, ಅಂತಾರಾಷ್ಟ್ರೀಯ ಸೆಕ್ಟರ್ ಆದರೆ ಪಾಸ್‌ಪೋರ್ಟ್, ವೀಸಾ, ಇವುಗಳ ಅವಧಿ ಹೊಸ ಡ್ಯೂಟಿಯ ದಿನಕ್ಕೂ ಚಾಲ್ತಿಯಲ್ಲಿರಬೇಕು.

ಗುಂಪಿನಲ್ಲಿ ‘18ಕ್ಕೆ ಯಾರಾದರೂ ಸ್ವಾಪ್ ಪ್ಲೀಸ್’ ಎಂದು ಹಾಕಿದರೆ ಉತ್ತರ ಬರುವುದಿಲ್ಲ. ಓದುವವರು ಬೇರೆ ಊರಿನಲ್ಲಿ ರಾತ್ರಿ ತಂಗುವ ಲೇಓವರ್ ಹೋಟೆಲ್‌ನಲ್ಲಿ ಅರೆನಿದ್ದೆಯಲ್ಲಿರುತ್ತಾರೆ. ಅವರೇ ಪ್ರಶ್ನೆ ಕೇಳಿ ತಿಳಿದುಕೊಳ್ಳಲಿ ಎಂದರೆ ಆಗುತ್ತದೆಯೇ? ನಾನು ಹಾಕುವುದು ಹೀಗೆ: ‘ಕ್ರೂ, ಲೀಡ್ ಅಲ್ಲ. 18 ಗುರುವಾರ, ರಿಪೋರ್ಟಿಂಗ್ 04:50, ಹುಬ್ಬಳ್ಳಿ–ಕೊಚ್ಚಿ, ನಾಲ್ಕು ಸೆಕ್ಟರ್, ಡ್ಯೂಟಿ ಮುಗಿಯೋದು 12:45, ಬ್ಲಾಕ್ 4:40. ಬೇಕಿರೋದು: ಅದೇ ದಿನ 14:00 ಆದಮೇಲಿನ ಯಾವುದೇ ಟರ್ನ್‌ಅರೌಂಡ್. 17ಕ್ಕೆ ನಿಮ್ಮ ಡ್ಯೂಟಿ 14:30ರ ಒಳಗೆ ಮುಗಿಯುತ್ತಿದ್ರೆ ನಿಮಗೆ ಆಗುತ್ತೆ.’ (ಟರ್ನ್‌ಅರೌಂಡ್ ಎಂದರೆ ಹೋಗಿ ಅದೇ ದಿನ ಬೇಸ್‌ಗೆ ವಾಪಸ್ ಬರುವ ಡ್ಯೂಟಿ.) ಕೊನೆಯ ವಾಕ್ಯವೇ ಮುಖ್ಯ. 04:50ರಿಂದ 12 ಗಂಟೆ ಹಿಂದೆ ಎಂದರೆ 16:50, ಅದರ ಹಿಂದೆ ಎರಡು ಗಂಟೆಗಿಂತ ತುಸು ಹೆಚ್ಚಿನ ಸಡಿಲ. ಎದುರಿನವರ ಲೆಕ್ಕವನ್ನು ನಾವೇ ಮಾಡಿಕೊಟ್ಟರೆ ಅವರು ತಮ್ಮ 17ನೇ ತಾರೀಖು ಮಾತ್ರ ನೋಡಿ ಹ್ಞೂಂ ಅಥವಾ ಉಹುಂ ಅನ್ನಬಹುದು. ಬ್ಲಾಕ್ ಎಷ್ಟು ಎಂದು ಹೇಳುವುದು ಮರ್ಯಾದೆಯ ವಿಷಯ ಕೂಡ, ಏಕೆಂದರೆ ಫ್ಲೈಯಿಂಗ್ ಅಲೋಯನ್ಸ್ ಬರುವುದು ಗಂಟೆಯ ಮೇಲೆ. ಅವರ ಏಳು ಗಂಟೆ ತೆಗೆದುಕೊಂಡು ನಮ್ಮ ಮೂರು ಗಂಟೆ ಕೊಡುವುದಾದರೆ ಅದು ಅವರಿಗೆ ಮೊದಲೇ ಗೊತ್ತಿರಬೇಕು. ಸ್ವಾಪ್‌ಗೆ ದುಡ್ಡು ಕೊಡುವುದು, ಪಡೆಯುವುದು ಮಾತ್ರ ಬೇಡವೇ ಬೇಡ.

ಸ್ಟ್ಯಾಂಡ್‌ಬೈಗೆ ಫ್ಲೈಟ್ ಬದಲಾಯಿಸುವಾಗ ಎಚ್ಚರ. ಸ್ಟ್ಯಾಂಡ್‌ಬೈಯಿಂದ ಕರೆ ಬಂದರೆ ಎಲ್ಲಿಗೆ, ಎಷ್ಟು ಹೊತ್ತು ಎಂದು ಹೇಳಲಾಗದು. ಸಂಜೆ ಮನೆಯಲ್ಲಿರಲೇಬೇಕಾದ ದಿನ ಬೆಳಗಿನ ಸ್ಟ್ಯಾಂಡ್‌ಬೈ ತೆಗೆದುಕೊಂಡರೆ ರಾತ್ರಿ ಗುವಾಹಟಿಯ ಹೋಟೆಲ್‌ನಲ್ಲಿರಬಹುದು. ಬೆಳಗಿನ ಸ್ಟ್ಯಾಂಡ್‌ಬೈಗೆ ಸಂಜೆಯ ಸ್ಟ್ಯಾಂಡ್‌ಬೈ ಬದಲಾಯಿಸುವುದು ಕ್ಷೇಮ.

ಹಬ್ಬಗಳ ಲೆಕ್ಕ ನನಗೆ ಇಷ್ಟವಾದದ್ದು. ಬೇಸ್‌ನಲ್ಲಿ ಮಣಿಪುರ, ಮಿಜೋರಾಂ, ಅಸ್ಸಾಂ, ಕೇರಳ, ಪಂಜಾಬ್ ಎಲ್ಲ ಕಡೆಯವರಿದ್ದಾರೆ. ದೀಪಾವಳಿಗೆ ಮಿಜೋ ಗೆಳತಿ ನನ್ನ ಡ್ಯೂಟಿ ಮಾಡುತ್ತಾಳೆ, ಕ್ರಿಸ್ಮಸ್‌ಗೆ ನಾನು ಅವಳದ್ದು. ಯುಗಾದಿಗೆ ತೆಲುಗು, ಮರಾಠಿಯವರನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೂ ಅಂದೇ ಹಬ್ಬ. ಏಪ್ರಿಲ್ ಮಧ್ಯದಲ್ಲಿ ವಿಷು ಮಾಡುವ ಮಲಯಾಳಿಯನ್ನೋ ಬೈಸಾಖಿ ಮಾಡುವ ಪಂಜಾಬಿಯನ್ನೋ ಕೇಳಬೇಕು. ಸಂಕ್ರಾಂತಿ ಕಷ್ಟ. ಪೊಂಗಲ್, ಮಾಘ ಬಿಹು ಎಲ್ಲ ಅದೇ ಹೊತ್ತಿಗೆ. ಆದರೆ ನಮ್ಮ ಸಿಸ್ಟಮ್‌ನಲ್ಲಿ ಸ್ವಾಪ್‌ನಲ್ಲಿ ಕೈ ಬದಲಾಗುವ ಎರಡೂ ಡ್ಯೂಟಿಗಳು ಪ್ರಕಟವಾದ ಒಂದೇ ರೋಸ್ಟರ್‌ನೊಳಗಿರಬೇಕು. ದೀಪಾವಳಿಗೆ ಕ್ರಿಸ್ಮಸ್ ಎಂದು ಹಾಕಲು ಬರುವುದಿಲ್ಲ. ಆಗ ಎರಡು ಬೇರೆ ಸ್ವಾಪ್ ಮಾಡುತ್ತೇವೆ: ದೀಪಾವಳಿಯ ಡ್ಯೂಟಿಗೆ ಬದಲಾಗಿ ಅದೇ ತಿಂಗಳಿನ ಅವಳ ಒಂದು ಸಾಮಾನ್ಯ ಡ್ಯೂಟಿ, ಡಿಸೆಂಬರ್‌ನಲ್ಲಿ ಅದರ ತಿರುಗುಮುರುಗು. ನಡುವಿನದು ಬಾಯಿಮಾತು. ಯಾರಿಗೆ ಯಾವ ದಿನ ಬಾಕಿ ಇದೆ ಎಂದು ಡೈರಿಯ ಹಿಂದಿನ ಪುಟದಲ್ಲಿ ತಾರೀಖಿನ ಸಮೇತ ಬರೆದಿಡುತ್ತೇನೆ.

ಮೂವರ ಸ್ವಾಪ್‌ನಲ್ಲಿ ಸರದಿ ಮುಖ್ಯ. ಸಿಸ್ಟಮ್ ಇಬ್ಬಿಬ್ಬರನ್ನೇ ನೋಡುತ್ತದೆ, ಪ್ರತಿ ಹೆಜ್ಜೆಯಲ್ಲೂ ಲೆಕ್ಕ ಸರಿಯಿರಬೇಕು. ಕೊನೆಯಲ್ಲಿ ಮೂವರಿಗೂ ಸರಿಹೋದರೂ ಮಧ್ಯದ ಹೆಜ್ಜೆಯಲ್ಲಿ ಒಬ್ಬರಿಗೆ 12 ಗಂಟೆ ಮುರಿದರೆ ಅಲ್ಲೇ ನಿಲ್ಲುತ್ತದೆ. ಯಾರ ರೋಸ್ಟರ್ ಸಡಿಲವಾಗಿದೆಯೋ ಅವರನ್ನು ನಡುವೆ ಇಟ್ಟುಕೊಂಡು ಶುರುಮಾಡುತ್ತೇನೆ. ಆಗಲೂ ಆಗದಿದ್ದರೆ ಮೂರೂ ಬದಲಾವಣೆಯನ್ನು ಒಂದೇ ಮೇಲ್‌ನಲ್ಲಿ ಬರೆದು, ಒಟ್ಟಿಗೆ ಮಾಡಿಕೊಡಿ ಎಂದು ಶೆಡ್ಯೂಲಿಂಗ್‌ಗೆ ಕೇಳಿಕೊಳ್ಳುತ್ತೇನೆ.

ಲೆಕ್ಕ ಸರಿಯಿದ್ದರೂ ನಾನು ಹಾಕದ ಒಂದು ಸ್ವಾಪ್ ಇದೆ: ಸತತ ಸಂಜೆ ಡ್ಯೂಟಿಗಳ ಬೆನ್ನಿಗೇ ಬೆಳಗಿನ ಜಾವದ ಡ್ಯೂಟಿ. 04:50ಕ್ಕೆ ರಿಪೋರ್ಟಿಂಗ್ ಎಂದರೆ ಮೈಸೂರು ರಸ್ತೆಯ ಕಡೆಯವರಿಗೆ ಸುಮಾರು 03:00ಕ್ಕೆ ಕ್ಯಾಬ್, ಎರಡು ಗಂಟೆಗೇ ಏಳಬೇಕು. ಹಿಂದಿನ ರಾತ್ರಿಗಳಲ್ಲಿ ಒಂದು ಗಂಟೆಗೆ ಮಲಗಿದ ದೇಹ ಸಂಜೆ ಏಳಕ್ಕೆ ಮಲಗು ಎಂದರೆ ಮಲಗುವುದಿಲ್ಲ. ಬಾಗಿಲು ಆರ್ಮ್ ಮಾಡುವ, ಅಂದರೆ ತೆರೆದರೆ ತುರ್ತು ಜಾರುಬಂಡಿ ಬಿಚ್ಚಿಕೊಳ್ಳುವಂತೆ ಸಿದ್ಧಮಾಡುವ, ಕೈ ಅಂಥ ಬೆಳಿಗ್ಗೆ ತಪ್ಪಬಾರದು.

ಇಬ್ಬರೂ ಒಪ್ಪಿ, ಶೆಡ್ಯೂಲಿಂಗ್ ಅಪ್ರೂವ್ ಮಾಡಿ, ರೋಸ್ಟರ್‌ನಲ್ಲಿ ಹೆಸರು ಬದಲಾಗಿ ಕಾಣುವವರೆಗೆ ಹಳೆಯ ಡ್ಯೂಟಿ ನಿಮ್ಮದೇ. ‘ನಾನು ಹೋಗ್ತೀನಿ ಬಿಡಕ್ಕ’ ಎಂಬ ಮಾತಿನ ಮೇಲೆ ಫೋನ್ ಆಫ್ ಮಾಡಿ ಮಲಗಬಾರದು. ಬದಲಾದ ರೋಸ್ಟರ್‌ನ ಸ್ಕ್ರೀನ್‌ಶಾಟ್ ಇಬ್ಬರೂ ಇಟ್ಟುಕೊಳ್ಳಬೇಕು. ಆಮೇಲೆ ಟ್ರಾನ್ಸ್‌ಪೋರ್ಟ್‌ಗೆ ಫೋನ್. ರೋಸ್ಟರ್ ಬದಲಾದರೂ ಕ್ಯಾಬ್ ಪಟ್ಟಿ ಹಳೆಯದೇ ಉಳಿದಿರುವುದುಂಟು. ನಿಮ್ಮ ಮನೆ ಮುಂದೆ ಮೂರು ಗಂಟೆಗೆ ಕ್ಯಾಬ್ ಹಾರ್ನ್ ಹೊಡೆಯುತ್ತಿದ್ದರೆ, ನಿಮ್ಮ ಬದಲಿಗೆ ಹೋಗಬೇಕಾದವಳು ಬೇರೊಂದು ಬಡಾವಣೆಯ ಗೇಟಿನಲ್ಲಿ ಕಾಯುತ್ತಿರುತ್ತಾಳೆ. ಹಿಂದಿನ ಸಂಜೆ ಎಂಟರೊಳಗೆ ಇಬ್ಬರ ಪಿಕಪ್ ಸಮಯವನ್ನೂ ನಾನೇ ಕೇಳಿ, ಡ್ರೈವರ್ ನಂಬರನ್ನು ಅವಳಿಗೆ ಕಳಿಸಿ ಮಲಗುತ್ತೇನೆ.