ನಮ್ಮ ಕಚೇರಿಗೆ ಮ್ಯಾನೇಜ್ಡ್ ಸ್ವಿಚ್ ಹಾಕಿದ ಅನುಭವ

ಮ್ಯಾನೇಜ್ಡ್ ಸ್ವಿಚ್, ಅಂದರೆ ಒಳಹೊಕ್ಕು ನೋಡಿ ಸೆಟ್ಟಿಂಗ್ ಬದಲಿಸಬಹುದಾದ ನೆಟ್‌ವರ್ಕ್ ಸ್ವಿಚ್, ಹಾಕಿದರೆ ನೆಟ್‌ವರ್ಕ್ ವೇಗವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಗಿಗಾಬಿಟ್ ಪೋರ್ಟ್ ಎಲ್ಲಿದ್ದರೂ ಒಂದು ಗಿಗಾಬಿಟ್ಟೇ. ಕಚೇರಿಯ ಹಳೆಯ ಸ್ವಿಚ್‌ಗಳನ್ನು ನಾನು ಬದಲಿಸಿದ್ದು ಬೇರೆ ಕಾರಣಕ್ಕೆ. ಏನೇ ಕೆಟ್ಟರೂ ಅವು ತುಟಿ ಬಿಚ್ಚುತ್ತಿರಲಿಲ್ಲ; ದೀಪ ಮಿನುಗುತ್ತಿತ್ತು, ಅಷ್ಟೇ. ದೋಷ ಎಲ್ಲಿದೆ ಎಂದು ತಿಳಿಯಲು ಒಂದೊಂದೇ ಕೇಬಲ್ ಕಿತ್ತು ನೋಡಬೇಕಾಗುತ್ತಿತ್ತು.

ಮೊದಲು ವಿಲ್ಯಾನ್ ವಿಂಗಡಿಸಿದೆ, ಅಂದರೆ ಒಂದೇ ಸ್ವಿಚ್ಚಿನೊಳಗೆ ಬೇರೆಬೇರೆ ನೆಟ್‌ವರ್ಕ್‌ಗಳನ್ನು ಮಾಡಿದೆ. ಸಿಬ್ಬಂದಿಯ ಕಂಪ್ಯೂಟರ್, ಐಪಿ ಫೋನ್, ಕ್ಯಾಮೆರಾ, ಅತಿಥಿಗಳ ವೈಫೈ, ಹೀಗೆ ನಾಲ್ಕು. ಯಾವ ದತ್ತಾಂಶ ಯಾವ ವಿಲ್ಯಾನಿನದೆಂದು ಗುರುತಿಸುವ 802.1ಕ್ಯು ಟ್ಯಾಗ್‌ನಲ್ಲಿ ಗುರುತಿನ ಸಂಖ್ಯೆಗೆ 12 ಬಿಟ್ ಇರುವುದರಿಂದ 4094 ವಿಲ್ಯಾನ್‌ಗಳಿಗೆ ಅವಕಾಶವಿದೆ. ಅವಕಾಶವಿದೆಯೆಂದು ಹತ್ತಾರು ಮಾಡಿಕೊಂಡರೆ ನೋಡಿಕೊಳ್ಳುವವನ ಪಾಡು ಯಾರಿಗೂ ಬೇಡ. ಬೇರ್ಪಡಿಸಿದರೆ ಮಾತ್ರ ಸಾಲದು. ಯಾವುದರಿಂದ ಯಾವುದಕ್ಕೆ ದಾರಿಯಿದೆ ಎಂಬ ನಿಯಮಗಳನ್ನು ಫೈರ್‌ವಾಲ್‌ನಲ್ಲಿ ಬರೆಯಬೇಕು. ಇಲ್ಲವಾದರೆ ಬೇರೆ ಮಾಡಿದ್ದನ್ನೆಲ್ಲ ರೂಟರ್ ಮತ್ತೆ ಬೆಸೆದುಬಿಡುತ್ತದೆ.

ನನಗೆ ನಿಜವಾದ ನೆಮ್ಮದಿ ಕೊಟ್ಟದ್ದು ಲೂಪ್ ತಡೆ. ಮೇಜಿನ ಕೆಳಗೆ ಬಿದ್ದ ಕೇಬಲ್ಲಿನ ಎರಡೂ ತುದಿಗಳನ್ನು ಯಾರೋ ಗೋಡೆಯ ಎರಡು ಸಾಕೆಟ್‌ಗಳಿಗೆ ಚುಚ್ಚಿಬಿಡುತ್ತಾರೆ. ಐಪಿ ಪ್ಯಾಕೆಟ್ಟಿಗಿರುವ ಆಯುಷ್ಯದ ಮಿತಿ ಅದನ್ನು ಹೊತ್ತೊಯ್ಯುವ ಈಥರ್ನೆಟ್ ಫ್ರೇಮಿಗಿಲ್ಲ. ಎಲ್ಲ ಪೋರ್ಟ್‌ಗಳಿಗೂ ಹೋಗುವ ಬ್ರಾಡ್‌ಕಾಸ್ಟ್ ಸುತ್ತುತ್ತ ಹೆಚ್ಚುತ್ತ ಹೋಗಿ ಇಡೀ ಕಚೇರಿ ಸ್ತಬ್ಧವಾಗುತ್ತದೆ. ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ, ಲೂಪ್ ಆಗುವ ದಾರಿಯನ್ನು ಮುಚ್ಚಿಡುವ ಸ್ಪ್ಯಾನಿಂಗ್ ಟ್ರೀ ಇದಕ್ಕೆಂದೇ ಇರುವುದು. ಅದರ ಹಳೆಯ ರೂಪ ದಾರಿ ಬದಲಿಸಲು 30ರಿಂದ 50 ಸೆಕೆಂಡು ತೆಗೆದುಕೊಳ್ಳುತ್ತದೆ. ಆದ್ದರಿಂದ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀಯನ್ನೇ ಆರಿಸಿದೆ. ಬಳಕೆದಾರರ ಪೋರ್ಟ್‌ಗಳಿಗೆ ಬಿಪಿಡಿಯು ಗಾರ್ಡ್ (ಸ್ವಿಚ್ ಕಳಿಸುವ ಸ್ಪ್ಯಾನಿಂಗ್ ಟ್ರೀ ಸಂದೇಶ ಬಂದರೆ ಪೋರ್ಟ್ ಮುಚ್ಚುವ ಕಾವಲು) ಹಾಕಿದೆ. ಈಗ ಯಾರಾದರೂ ಲೂಪ್ ಮಾಡಿದರೆ ಆ ಪೋರ್ಟ್ ಮಾತ್ರ ಮುಚ್ಚಿಕೊಂಡು, ಅದರ ಸಂಖ್ಯೆ ಲಾಗ್‌ನಲ್ಲಿ ದಾಖಲಾಗುತ್ತದೆ. ನಾನು ನೇರವಾಗಿ ಆ ಮೇಜಿಗೇ ಹೋಗುತ್ತೇನೆ.

ಪೋರ್ಟ್ ಕೌಂಟರ್‌ಗಳನ್ನು ಬಹಳ ಜನ ನೋಡುವುದೇ ಇಲ್ಲ. ಒಬ್ಬರ ಕಂಪ್ಯೂಟರ್ ಮಾತ್ರ ನಿಧಾನವೆಂಬ ದೂರು ಬಂದಾಗ ನಾನು ಮೊದಲು ನೋಡುವುದು ಆ ಪೋರ್ಟಿನ ಸಿಆರ್‌ಸಿ ದೋಷಗಳನ್ನು, ಅಂದರೆ ಕೆಟ್ಟು ಬಂದ ಫ್ರೇಮ್‌ಗಳ ಲೆಕ್ಕವನ್ನು. ಸಂಖ್ಯೆ ಏರುತ್ತಿದ್ದರೆ ಅನುಮಾನ ಕೇಬಲ್ ಮೇಲೆ. ಜೊತೆಗೆ ಲೇಟ್ ಕೊಲಿಷನ್ (ತಡವಾಗಿ ಆಗುವ ಫ್ರೇಮ್ ಡಿಕ್ಕಿ) ಕಂಡರೆ ಎರಡು ತುದಿಗಳ ಡ್ಯುಪ್ಲೆಕ್ಸ್ (ಕಳಿಸುವುದೂ ಪಡೆಯುವುದೂ ಒಟ್ಟಿಗೋ ಸರದಿಯಲ್ಲೋ ಎಂಬ ಕ್ರಮ) ಹೊಂದುತ್ತಿಲ್ಲವೆಂದು ಲೆಕ್ಕ.

ಕ್ಯಾಮೆರಾ ಸ್ಥಗಿತಗೊಂಡರೆ ಈಗ ಏಣಿ ಬೇಡ, ಆ ಪೋರ್ಟಿನಿಂದ ನೆಟ್‌ವರ್ಕ್ ಕೇಬಲ್ಲಿನಲ್ಲೇ ಹೋಗುವ ವಿದ್ಯುತ್ತನ್ನು ಕುಳಿತಲ್ಲಿಂದಲೇ ಆರಿಸಿ ಹಚ್ಚುತ್ತೇನೆ. ಆದರೆ ಹೀಗೆ ವಿದ್ಯುತ್ತೂ ಕೊಡುವ ಪಿಒಇ ಸ್ವಿಚ್ ಕೊಳ್ಳುವಾಗ ಒಟ್ಟು ವ್ಯಾಟ್ ನೋಡಿ. 802.3ಎಟಿ ಮಾನದಂಡದ ಪ್ರಕಾರ ಪೋರ್ಟಿಗೆ 30 ವ್ಯಾಟ್ ಎಂದರೆ 24 ಪೋರ್ಟಿಗೆ 720 ಬೇಕು. ಬಹುತೇಕ ಪೆಟ್ಟಿಗೆಗಳು ಅಷ್ಟು ಕೊಡುವುದಿಲ್ಲ. ಕ್ಯುಒಎಸ್ (ಮುಖ್ಯ ದತ್ತಾಂಶಕ್ಕೆ ಆದ್ಯತೆ ಕೊಡುವ ವ್ಯವಸ್ಥೆ) ಬಗ್ಗೆ ಹೆಚ್ಚು ಹೇಳಲಾರೆ, ದಟ್ಟಣೆಯೇ ಇಲ್ಲದ ಕಡೆ ಅದಕ್ಕೆ ಕೆಲಸವಿಲ್ಲ.

ಐದಾರು ಕಂಪ್ಯೂಟರ್ ಮತ್ತು ಒಂದು ಪ್ರಿಂಟರ್ ಇರುವ ಕಡೆ ಇದನ್ನೆಲ್ಲ ನಾನು ಸೂಚಿಸುವುದಿಲ್ಲ. ಹಾಕುವುದಾದರೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ನಿರ್ವಹಣೆಗೆ ಪ್ರತ್ಯೇಕ ವಿಲ್ಯಾನ್ ಇಡಿ. ಕಾನ್ಫಿಗರೇಷನ್ನಿನ ಒಂದು ಪ್ರತಿ ಸ್ವಿಚ್ಚಿನ ಹೊರಗೂ ಇರಲಿ. ಕೆಲವು ಮಾದರಿಗಳಲ್ಲಿ ಬದಲಾವಣೆಯನ್ನು ಬೇರೆಯಾಗಿ ಉಳಿಸದಿದ್ದರೆ, ಕರೆಂಟ್ ಹೋಗಿ ಬಂದಾಗ ಅದು ಅಳಿಸಿಹೋಗಿರುತ್ತದೆ.