ಗ್ಯಾಸ್ ಒಲೆಯ ಮೇಲೂ ತೊಡದೇವು: ನನ್ನ ಅನುಭವ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೊಡದೇವು, ಅಂದರೆ ಅಕ್ಕಿ ಮತ್ತು ಕಬ್ಬಿನ ರಸದ ಹಿಟ್ಟನ್ನು ಬಿಸಿ ಗಡಿಗೆಯ ಮೇಲೆ ಎಳೆದು ಮಾಡುವ ಕಾಗದದಂಥ ಸಿಹಿ ಹಾಳೆ, ಆಲೆಮನೆಯಲ್ಲಿ ಕಬ್ಬು ಅರೆಯುವ ಹಂಗಾಮಿನ ತಿಂಡಿ. ಈಗ ಮಳೆಗಾಲದಲ್ಲೂ ಮಾಡುತ್ತೇವೆ, ಅದೂ ಗ್ಯಾಸಿನ ಮೇಲೆ. ತಪ್ಪೇನಿಲ್ಲ. ಆದರೆ ಗಡಿಗೆಯ ಉಬ್ಬು ಮತ್ತು ಹಿಟ್ಟು ಎಳೆಯುವ ಬಟ್ಟೆ ಕಟ್ಟಿದ ಕೋಲು, ಇವೆರಡನ್ನು ನಾನು ಬದಲಿಸುವುದಿಲ್ಲ. ಬೋರಲು ಹಾಕಿದ ಗಡಿಗೆಯ ಮೇಲೆ ಹೆಚ್ಚಾದ ಹಿಟ್ಟು ತಾನೇ ಇಳಿದುಹೋಗುತ್ತದೆ, ಹಾಳೆ ತೆಳ್ಳಗಾಗುವುದು ಅದರಿಂದಲೇ. ನಾನ್‌ಸ್ಟಿಕ್ ಕಾವಲಿಯಲ್ಲಿ ಹಿಟ್ಟು ನಿಂತಲ್ಲೇ ನಿಲ್ಲುತ್ತದೆ. ಸಿಗುವುದು ಸಿಹಿ ದೋಸೆ.

ಒಂದು ಲೋಟ ಅಕ್ಕಿಯನ್ನು ನಾಲ್ಕು ತಾಸು ನೆನೆಸಿ, ನೀರಿನ ಬದಲು ಕಬ್ಬಿನ ಹಾಲಿನಲ್ಲೇ (ಕಬ್ಬಿನ ರಸದಲ್ಲೇ) ನುಣ್ಣಗೆ ಬೀಸಬೇಕು. ಒಟ್ಟು ಎರಡೂವರೆ ಲೋಟ ಕಬ್ಬಿನ ಹಾಲು, ಚಿಟಿಕೆ ಅರಿಶಿನ, ಚಿಟಿಕೆ ಉಪ್ಪು. ಹದ ನೀರುದೋಸೆಯದು. ಹಿಟ್ಟು ಬೇಗ ಹುಳಿಯುತ್ತದೆ, ಅವತ್ತೇ ಮುಗಿಸಿ. ಕಬ್ಬಿನ ಹಾಲಿಲ್ಲದ ಕಾಲದಲ್ಲಿ ಮುಕ್ಕಾಲು ಲೋಟ ಜೋನಿ ಬೆಲ್ಲಕ್ಕೆ (ದ್ರವರೂಪದ ಬೆಲ್ಲ) ನೀರು ಸೇರಿಸಿಕೊಂಡರಾಯಿತು. ಬೆಲ್ಲ ಹೆಚ್ಚಾದರೆ ಹಾಳೆ ಗಡಿಗೆಗೆ ಕಚ್ಚಿ ಕರಕಾಗುತ್ತದೆ. ಕಡಿಮೆಯಾದರೆ ಮಡಿಸುವಾಗ ಹರಿಯುತ್ತದೆ. ಸಕ್ಕರೆಯಲ್ಲೂ ಮಾಡುತ್ತಾರೆ. ನೋಡಲು ಬೆಳ್ಳಗೆ ಚೆಂದ, ರುಚಿ ಮಾತ್ರ ಸಪ್ಪೆ ಎಂಬುದು ನನ್ನ ತಕರಾರು.

ನಿಜವಾದ ತೊಂದರೆ ಉರಿಯದು. ಕಟ್ಟಿಗೆಯ ಜ್ವಾಲೆ ಗಡಿಗೆಯ ಒಳಗೆಲ್ಲ ಹರಡುತ್ತದೆ, ಗ್ಯಾಸಿನದು ನೇರ ನೆತ್ತಿಗೆ ಬಡಿಯುತ್ತದೆ. ನಡುವೆ ಸೀಯುತ್ತದೆ, ಅಂಚು ಹಸಿಯಾಗೇ ಉಳಿಯುತ್ತದೆ. ಬರ್ನರಿನ ಮೇಲೆ ಸಣ್ಣ ಕಬ್ಬಿಣದ ತಗಡು ಇಟ್ಟರೆ ಕಾವು ಬದಿಗೂ ಹೋಗುತ್ತದೆ. ಗಡಿಗೆಯ ಬಾಯಿ ಒಲೆಗೆ ಪೂರ್ತಿ ಕೂತರೆ ಗಾಳಿಯಾಡದೆ ಉರಿ ಹಳದಿಯಾಗಿ ನಂದುತ್ತದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಎರಡು ಬೆರಳು ಎತ್ತರಿಸಿಡಿ. ಮೊದಲ ಕಾಲು ಗಂಟೆ ಸಣ್ಣ ಉರಿಯೇ ಇರಲಿ, ಮಣ್ಣಿನದು, ಅವಸರಿಸಿದರೆ ಬಿರಿಯುತ್ತದೆ.

ಗಡಿಗೆಗೆ ತುಪ್ಪ ಸವರಿ, ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಒಂದೇ ಎಳೆತಕ್ಕೆ ಮೇಲಿನಿಂದ ಎಳೆಯಿರಿ. ಹಿಟ್ಟು ಚುರ್ರೆಂದು ಗುಳ್ಳೆಯೆದ್ದು ಹಾಳೆ ಹರಿದರೆ ಕಾವು ಹೆಚ್ಚು, ಒದ್ದೆ ಬಟ್ಟೆಯಿಂದ ಒರೆಸಿ. ಸದ್ದೇ ಇಲ್ಲದಿದ್ದರೆ ಕಾವು ಸಾಲದು, ಹಾಳೆ ಏಳುವುದಿಲ್ಲ. ಅಂಚು ಬಿಟ್ಟೊಡನೆ ತುಪ್ಪ ಹನಿಸಿ, ಗಡಿಗೆಯ ಮೇಲೇ ಮಡಿಸಿ ತೆಗೆಯಬೇಕು. ಬಿಸಿಯಲ್ಲಿ ಬೆಲ್ಲ ಮೆತ್ತಗಿರುತ್ತದೆ, ಆರಿದೊಡನೆ ಗರಿಗರಿ. ತಡಮಾಡಿದರೆ ಮಡಿಸುವಾಗಲೇ ಪುಡಿಯಾಗುತ್ತದೆ.

ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದರೆ ರಾತ್ರಿ ಕಳೆಯುವುದರೊಳಗೆ ಮೆತ್ತಗಾಗುತ್ತದೆ.