ಕ್ಲಾಸಿಕಲ್ ಗಿಟಾರ್: ವಿಡಿಯೊ ಪಾಠಕ್ಕೆ ಕೃತಿಗಳನ್ನು ನಾನು ಆರಿಸಿಕೊಳ್ಳುವ ಬಗೆ

ಆನ್‌ಲೈನ್ ವಿಡಿಯೊಗಳಿಂದ ಕ್ಲಾಸಿಕಲ್ ಗಿಟಾರ್ ಕಲಿಯಲು ಹೊರಟವರಿಗೆ ಪಾಠಗಳು ಬೇಕಾದಷ್ಟು ಸಿಗುತ್ತವೆ, ಆದರೆ ಯಾವುದರ ನಂತರ ಯಾವುದನ್ನು ಕಲಿಯಬೇಕು ಎಂದು ಹೇಳುವವರು ಸಿಗುವುದಿಲ್ಲ. ಎದುರಿಗೆ ಗುರುಗಳು ಕುಳಿತಿದ್ದರೆ ಶಿಷ್ಯನ ಕೈಯನ್ನು ನೋಡಿಯೇ ಮುಂದಿನ ಪಾಠವನ್ನು ನಿರ್ಧರಿಸುತ್ತಾರೆ. ವಿಡಿಯೊದಲ್ಲಿ ಆ ನಿರ್ಧಾರ ಪೂರ್ತಿಯಾಗಿ ಕಲಿಯುವವರದ್ದೇ ಆಗಿರುವುದರಿಂದ, ಕೃತಿಯನ್ನು ಆರಿಸುವುದು ಕಲಿಕೆಗೆ ಮುಂಚಿನ ಸಿದ್ಧತೆಯಲ್ಲ, ಕಲಿಕೆಯದೇ ಒಂದು ಭಾಗ ಎಂದು ನಾನು ತಿಳಿದಿದ್ದೇನೆ. ಬನಶಂಕರಿಯ ನಮ್ಮ ಮನೆಯಲ್ಲಿ, ಕಚೇರಿ ಕೆಲಸ ಮುಗಿದ ಮೇಲೆ ಸಿಗುವ ಸಮಯದಲ್ಲಿ ಈ ವಾದ್ಯವನ್ನು ಅಭ್ಯಾಸ ಮಾಡುತ್ತ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕರ್ನಾಟಕ ಸಂಗೀತದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬಿಕೊಂಡು ಬಂದಿರುವ ದಾರಿ ಅಲ್ಲಿ ಸಿದ್ಧವಾಗಿದೆ: ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಆಮೇಲೆ ಜಂಟಿ ವರಸೆ, ಅಲಂಕಾರ, ಗೀತೆ, ಸ್ವರಜತಿ, ವರ್ಣ. ಕೃತಿಯನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಗಂಟಲಾಗಲಿ ಬೆರಳಾಗಲಿ ಅದಕ್ಕೆ ತಯಾರಾಗಿರುತ್ತದೆ. ಗಿಟಾರಿಗೂ ಇಂಥದೊಂದು ದಾರಿ ಇದೆ ಎಂಬುದು ವಿಡಿಯೊಗಳನ್ನು ಮಾತ್ರ ನೋಡುವವರ ಗಮನಕ್ಕೆ ಬರುವುದು ನಿಧಾನ, ಏಕೆಂದರೆ ಹುಡುಕಿದ ಕೂಡಲೇ ಮೇಲೆ ಬರುವುದು ಜನಪ್ರಿಯ ಕೃತಿಗಳೇ ಹೊರತು ಅಭ್ಯಾಸದ ಪಾಠಗಳಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬದುಕಿದ್ದ ಫರ್ನಾಂಡೊ ಸೋರ್, ಮತ್ತೆಯೊ ಕಾರ್ಕಾಸ್ಸಿ ಮತ್ತು ಮೌರೊ ಜೂಲಿಯಾನಿ ತಮ್ಮ ಶಿಷ್ಯರಿಗಾಗಿ ಬರೆದಿಟ್ಟ ಅಭ್ಯಾಸ ಕೃತಿಗಳು, ಅಂದರೆ ಎಟ್ಯೂಡ್‌ಗಳು, ಇಂದಿಗೂ ಈ ವಾದ್ಯದ ಅಡಿಪಾಯ. ಜೂಲಿಯಾನಿಯ ಓಪಸ್ 1ರಲ್ಲಿ (ಓಪಸ್ ಎಂದರೆ ಸಂಗೀತಕಾರನ ಪ್ರಕಟಿತ ಕೃತಿಗೆ ಕೊಡುವ ಸಂಖ್ಯೆ) ಬಲಗೈಗೆಂದೇ 120 ಅಭ್ಯಾಸಗಳಿವೆ. ಎಡಗೈ ಹಿಡಿಯಬೇಕಾದದ್ದು ಸಿ ಮತ್ತು ಜಿ ಸೆವೆನ್ ಎಂಬ ಎರಡೇ ಕಾರ್ಡ್‌ಗಳು, ಅಂದರೆ ಸ್ವರಗುಚ್ಛಗಳು. ಉಳಿದ ಗಮನವೆಲ್ಲ ಮೀಟುವ ಬೆರಳುಗಳ ಮೇಲೆ ನಿಲ್ಲುತ್ತದೆ. ನಾನು ಯಾವ ಕೃತಿಯನ್ನು ಕಲಿಯುತ್ತಿದ್ದರೂ ಅದರ ಬಲಗೈ ಮಾದರಿಯನ್ನು ಮೊದಲು ಈ 120ರಲ್ಲಿ ಹುಡುಕಿ, ಅದಕ್ಕೆ ಹತ್ತಿರವಾದದ್ದನ್ನು ಸಾಧಿಸಿ, ಆಮೇಲೆ ಕೃತಿಗೆ ಬರುತ್ತೇನೆ.

ಕೃತಿಯನ್ನು ಆರಿಸುವಾಗ ನಾನು ಮೊದಲು ನೋಡುವುದು ಅದರ ಅತ್ಯಂತ ಕಷ್ಟದ ಮೆಷರ್ (ಸ್ವರಲಿಪಿಯಲ್ಲಿ ಎರಡು ಲಂಬ ಗೆರೆಗಳ ನಡುವಿನ ಭಾಗ) ಯಾವುದು ಎಂಬುದನ್ನು. ಮೊದಲ ಸಾಲು ಎಷ್ಟೇ ಸುಲಭವಾಗಿದ್ದರೂ ಕೃತಿಯ ನಿಜವಾದ ಮಟ್ಟವನ್ನು ತೀರ್ಮಾನಿಸುವುದು ಆ ಒಂದು ಮೆಷರ್. ಇದಕ್ಕೆ ಎಲ್ಲರಿಗೂ ಗೊತ್ತಿರುವ ಸ್ಪ್ಯಾನಿಷ್ ರೊಮಾನ್ಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1952ರ ಫ್ರೆಂಚ್ ಚಲನಚಿತ್ರವೊಂದರಲ್ಲಿ ನಾರ್ಸಿಸೊ ಯೆಪೆಸ್ ನುಡಿಸಿದ ಮೇಲೆ ಜಗತ್ತಿಗೆಲ್ಲ ಪರಿಚಿತವಾದ ಈ ಕೃತಿಯ ಪಾಠಗಳಿಗೆ 'ಆರಂಭಿಕರಿಗೆ' ಎಂಬ ಹಣೆಪಟ್ಟಿ ಹಚ್ಚಿರುವುದನ್ನು ಸಾಮಾನ್ಯವಾಗಿ ಕಾಣುತ್ತೇವೆ. ಮೊದಲ ನಾಲ್ಕು ಮೆಷರ್‌ಗಳ ಮಟ್ಟಿಗೆ ಆ ಮಾತು ಸರಿ: ರಾಗವೆಲ್ಲ (ಇಲ್ಲಿ ರಾಗ ಎಂದರೆ ಮೆಲೊಡಿ) ಮೊದಲ ತಂತಿಯ ಮೇಲಿದೆ, ಎರಡನೆಯ ಮತ್ತು ಮೂರನೆಯ ತಂತಿಗಳನ್ನು ಒತ್ತದೆಯೇ ಮೀಟಬಹುದು, ಎಡಗೈಯ ಒಂದು ಬೆರಳು ಓಡಾಡಿದರೆ ಸಾಕು. ಆದರೆ ಒಂಬತ್ತನೆಯ ಮೆಷರ್‌ಗೆ ಬರುವಾಗ ತೋರುಬೆರಳು ಏಳನೆಯ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳು ಗುರುತಿಸುವ ಮನೆಗಳೇ ಫ್ರೆಟ್ಟುಗಳು) ಬಾರೆ ಹಿಡಿದು, ಅಂದರೆ ಹಲವು ತಂತಿಗಳನ್ನು ಅಡ್ಡವಾಗಿ ಒಟ್ಟಿಗೆ ಒತ್ತಿ, ನಿಲ್ಲಬೇಕು. ಹತ್ತನೆಯದರಲ್ಲಿ ಆ ಬಾರೆಯನ್ನು ಬಿಡದೆಯೇ ಕಿರುಬೆರಳು ಹನ್ನೊಂದನೆಯ ಫ್ರೆಟ್ಟಿನವರೆಗೆ ಚಾಚಬೇಕು. ಅದರ ನಂತರ ಇ ಮೇಜರ್ ಎಂಬ ಸ್ವರಶ್ರೇಣಿಗೆ ತಿರುಗುವ ಎರಡನೆಯ ಭಾಗ ಎಡಗೈಯಿಂದ ಇನ್ನೂ ಹೆಚ್ಚಿನದನ್ನು ಕೇಳುತ್ತದೆ. ಹಾಗಾಗಿ ನಾನು ವಿಡಿಯೊವನ್ನು ಆರಂಭದಿಂದ ನೋಡುವುದಿಲ್ಲ. ಸ್ವರಲಿಪಿಯಲ್ಲಿ ಕಷ್ಟವೆನಿಸಿದ ಜಾಗವನ್ನು ಗುರುತಿಸಿಕೊಂಡು, ವಿಡಿಯೊದಲ್ಲಿ ನೇರವಾಗಿ ಅಲ್ಲಿಗೇ ಹೋಗಿ, ಅರ್ಧ ವೇಗದಲ್ಲಿ ನೋಡಿ, ಆ ಹಿಡಿತವನ್ನು ನನ್ನ ಗಿಟಾರಿನ ಮೇಲೆ ಪ್ರಯತ್ನಿಸುತ್ತೇನೆ. ನಿಧಾನವಾಗಿಯಾದರೂ ಸ್ವರಗಳೆಲ್ಲ ಸ್ಪಷ್ಟವಾಗಿ ಕೇಳಿಸಿದರೆ, ಮಣಿಕಟ್ಟು ನೋಯದಿದ್ದರೆ, ಕೃತಿ ನನ್ನ ಪಟ್ಟಿಗೆ ಸೇರುತ್ತದೆ. ಬಾರೆಯ ಅಡಿಯಲ್ಲಿ ತಂತಿ ಸತ್ತ ಸದ್ದು ಮಾಡಿದರೆ ಅದಕ್ಕೆ ಇನ್ನೂ ಕಾಲ ಬಂದಿಲ್ಲ ಎಂದು ತಿಳಿದು ಬಾರೆ ಕಲಿಸುವ ಚಿಕ್ಕ ಎಟ್ಯೂಡ್ ಒಂದನ್ನು ಕೈಗೆತ್ತಿಕೊಳ್ಳುತ್ತೇನೆ.

ಸ್ಪೇನಿನ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರೆಗನ ಲಾಗ್ರಿಮವನ್ನು ನಾನು ಆರಿಸಿಕೊಂಡದ್ದೂ ಇದೇ ಪರೀಕ್ಷೆಯ ನಂತರ. ಒಂದೇ ಪುಟದ ಕೃತಿ. ಮೊದಲ ಭಾಗ ಇ ಮೇಜರ್, ಎರಡನೆಯದು ಇ ಮೈನರ್. ಅದರ ಮೊದಲ ಮೆಷರ್‌ನಲ್ಲೇ ಕಲಿಯಬೇಕಾದದ್ದು ಎಷ್ಟಿದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ನಾಲ್ಕನೆಯ ತಂತಿಯ ಮೇಲೆ ಮಂದ್ರ ಸ್ವರ ಎರಡು, ನಾಲ್ಕು, ಆರನೆಯ ಫ್ರೆಟ್ಟುಗಳಿಗೆ ಏರುತ್ತದೆ. ಅದರ ಜೊತೆಜೊತೆಗೇ ಮೊದಲ ತಂತಿಯ ಮೇಲೆ ರಾಗ ನಾಲ್ಕು, ಐದು, ಏಳನೆಯ ಫ್ರೆಟ್ಟುಗಳಿಗೆ ಏರುತ್ತದೆ. ಈ ಎರಡರ ನಡುವೆ ಎರಡನೆಯ ತಂತಿ ತೆರೆದೇ ನುಡಿಯುತ್ತಿರುತ್ತದೆ. ಮೊದಲ ಜೋಡಿಯಲ್ಲಿ ಬೆರಳುಗಳ ನಡುವೆ ಎರಡು ಫ್ರೆಟ್ಟುಗಳ ಅಂತರವಿದ್ದರೆ ಮುಂದಿನ ಎರಡು ಜೋಡಿಗಳಲ್ಲಿ ಒಂದೇ ಫ್ರೆಟ್ಟಿನ ಅಂತರ. ಆದ್ದರಿಂದ ಕೈ ಮೇಲೆ ಸರಿಯುವಾಗಲೇ ಒಳಗೊಳಗೇ ಕುಗ್ಗಬೇಕು, ಮತ್ತು ನಡುವಿನ ತೆರೆದ ತಂತಿಗೆ ಯಾವ ಬೆರಳೂ ತಗುಲಬಾರದು. ಇಷ್ಟು ಚಿಕ್ಕ ಜಾಗದಲ್ಲಿ ಕೈಯ ಸ್ಥಾನ ಬದಲಾವಣೆ, ಎರಡು ಧ್ವನಿಗಳ ಸಮತೋಲನ ಮತ್ತು ಬೆರಳುಗಳನ್ನು ಕಮಾನಿನಂತೆ ಎತ್ತಿ ಹಿಡಿಯುವ ಶಿಸ್ತು ಮೂರೂ ಒಟ್ಟಿಗೆ ಸಿಗುವ ಕೃತಿಗಳು ಅಪರೂಪ. ಕೇಳುವುದಕ್ಕೂ ಅದು ಅಷ್ಟೇ ಸುಂದರವಾಗಿದೆ ಎಂಬುದನ್ನು ನಾನು ಸಣ್ಣ ಕಾರಣವೆಂದು ಎಣಿಸುವುದಿಲ್ಲ. ತಿಂಗಳುಗಟ್ಟಲೆ ಪ್ರತಿ ಸಂಜೆ ಕೇಳಬೇಕಾದ ಸಂಗೀತ ಮನಸ್ಸಿಗೆ ಬೇಕೆನಿಸುವಂಥದೇ ಆಗಿರಬೇಕು.

ಹುಡುಕುವಾಗ ಹೆಸರು ಮತ್ತು ಸಂಖ್ಯೆಗಳ ವಿಷಯದಲ್ಲಿ ಎಚ್ಚರ ಬೇಕು. ಸೋರ್‌ನ ಓಪಸ್ 60ರಲ್ಲಿ 25 ಪಾಠಗಳಿವೆ. ಕಾರ್ಕಾಸ್ಸಿಯ ಓಪಸ್ 60ರಲ್ಲೂ 25 ಎಟ್ಯೂಡ್‌ಗಳಿವೆ. ಸೋರ್‌ನದು ಒಂದೊಂದೇ ಸ್ವರದಿಂದ ಆರಂಭವಾಗಿ ಹೊಸಬರ ಕೈ ಹಿಡಿದು ನಡೆಸುವಂಥದು, ಕಾರ್ಕಾಸ್ಸಿಯದು ಅದಕ್ಕಿಂತ ಸಾಕಷ್ಟು ಮುಂದಿನ ಮಟ್ಟದ್ದು. ಹಾಗೆಯೇ ಸ್ಪೇನಿನ ಗಿಟಾರ್ ವಾದಕ ಆಂಡ್ರೆಸ್ ಸೆಗೋವಿಯ ಸೋರ್‌ನ 20 ಎಟ್ಯೂಡ್‌ಗಳನ್ನು ಆರಿಸಿ 1945ರಲ್ಲಿ ಪ್ರಕಟಿಸಿದಾಗ ಅವುಗಳಿಗೆ ತನ್ನದೇ ಕ್ರಮಸಂಖ್ಯೆ ಕೊಟ್ಟ. ಆದ್ದರಿಂದ ಬಿ ಮೈನರಿನ ಪ್ರಸಿದ್ಧ ಎಟ್ಯೂಡ್ ಒಬ್ಬ ಶಿಕ್ಷಕರ ವಿಡಿಯೊದಲ್ಲಿ ಓಪಸ್ 35ರ 22ನೆಯದು, ಇನ್ನೊಬ್ಬರಲ್ಲಿ ಸೆಗೋವಿಯ ಸಂಗ್ರಹದ 5ನೆಯದು, ಮತ್ತೊಬ್ಬರಲ್ಲಿ 'ಮೂನ್‌ಲೈಟ್'. ಮೂರೂ ಒಂದೇ. ಮೂರು ಹೆಸರಿನಿಂದಲೂ ಹುಡುಕಿದರೆ ಒಂದೇ ಕೃತಿಗೆ ಬೇರೆಬೇರೆ ಶಿಕ್ಷಕರ ಪಾಠಗಳು ಸಿಗುತ್ತವೆ, ಹೋಲಿಸಿ ನೋಡಲು ಅನುಕೂಲವಾಗುತ್ತದೆ.

ಕೃತಿ ನಿರ್ಧಾರವಾದ ಮೇಲೆ ವಿಡಿಯೊದ ಆಯ್ಕೆ. ಎರಡೂ ಕೈಗಳು ಸ್ಪಷ್ಟವಾಗಿ ಕಾಣದ ಪಾಠವನ್ನು, ನುಡಿಸುವವರು ಎಷ್ಟೇ ದೊಡ್ಡ ಕಲಾವಿದರಾಗಿರಲಿ, ನಾನು ಕೇಳುವುದಕ್ಕೆ ಮಾತ್ರ ಇಟ್ಟುಕೊಳ್ಳುತ್ತೇನೆ. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳುಗಳ ಕ್ರಮವನ್ನು ಹೇಳಿಕೊಡುವ ಶಿಕ್ಷಕರು ಕಡಿಮೆ, ಅಂಥವರು ಸಿಕ್ಕರೆ ಅವರ ಉಳಿದ ಪಾಠಗಳನ್ನೂ ಹುಡುಕಿ ನೋಡುತ್ತೇನೆ. ಟ್ಯಾಬ್ (ತಂತಿಗಳನ್ನು ಸೂಚಿಸುವ ಗೆರೆಗಳ ಮೇಲೆ ಫ್ರೆಟ್ಟಿನ ಸಂಖ್ಯೆ ಬರೆಯುವ ಲಿಪಿ) ಮಾತ್ರ ತೋರಿಸುವ ಪಾಠಗಳ ಬಗ್ಗೆ ನನ್ನ ಅಭಿಪ್ರಾಯ ಕೊಂಚ ಕಠಿಣವಾಗಿದೆ: ಯಾವ ತಂತಿ, ಯಾವ ಫ್ರೆಟ್ ಎಂಬುದು ಅದರಿಂದ ತಿಳಿಯುತ್ತದೆ, ಆದರೆ ಮಂದ್ರ ಸ್ವರವನ್ನು ಎಷ್ಟು ಹೊತ್ತು ಹಿಡಿದಿರಬೇಕು, ಯಾವುದು ರಾಗ, ಯಾವುದು ಜೊತೆಗಿನ ಧ್ವನಿ ಎಂಬುದು ಸ್ವರಲಿಪಿಯಲ್ಲಿ ಕಾಣುವಷ್ಟು ಚೆನ್ನಾಗಿ ಅದರಲ್ಲಿ ಕಾಣುವುದಿಲ್ಲ. ಈ ಹಳೆಯ ಕೃತಿಗಳ ಸ್ವರಲಿಪಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವುದರಿಂದ ಅದನ್ನು ಮುದ್ರಿಸಿಕೊಂಡು, ಬನಶಂಕರಿಯಿಂದ ಯಶವಂತಪುರದವರೆಗಿನ ಮೆಟ್ರೊ ಪ್ರಯಾಣದಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತ ಪೆನ್ಸಿಲಿನಿಂದ ಬೆರಳುಗಳ ಸಂಖ್ಯೆ ಬರೆಯುತ್ತ ಹೋಗುತ್ತೇನೆ. ಇಬ್ಬರು ಶಿಕ್ಷಕರು ಒಂದೇ ಜಾಗಕ್ಕೆ ಬೇರೆ ಬೇರೆ ಬೆರಳುಗಳನ್ನು ಹೇಳಿದರೆ ಎರಡನ್ನೂ ಬರೆದುಕೊಂಡು, ಮನೆಗೆ ಬಂದು ಗಿಟಾರಿನ ಮೇಲೆ ನೋಡಿ ಒಂದನ್ನು ಉಳಿಸಿಕೊಳ್ಳುತ್ತೇನೆ. ಉಳಿಸಿಕೊಂಡ ಮೇಲೆ ಅದನ್ನು ಬದಲಾಯಿಸುವುದಿಲ್ಲ.

ಮಟ್ಟದ ಬಗ್ಗೆ ಸಂಶಯ ಬಂದಾಗ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗಿಟಾರ್ ಪರೀಕ್ಷೆಗಳ ಪಠ್ಯಕ್ರಮವನ್ನು ತೆಗೆದು ನೋಡುತ್ತೇನೆ. ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುವ ಅನೇಕ ಮಕ್ಕಳು ಬರೆಯುವ ಪರೀಕ್ಷೆ ಅದು. ಎಂಟು ಗ್ರೇಡ್‌ಗಳಿಗೂ ಕೃತಿಗಳ ಪಟ್ಟಿ ಇರುತ್ತದೆ. ಪರೀಕ್ಷೆ ಬರೆಯುವ ಉದ್ದೇಶ ನನಗಿಲ್ಲದಿದ್ದರೂ, ನಾನು ಚೆನ್ನಾಗಿ ನುಡಿಸಬಲ್ಲ ಕೃತಿ ಯಾವ ಗ್ರೇಡಿನಲ್ಲಿದೆ ಎಂದು ನೋಡಿ, ಅದೇ ಪಟ್ಟಿಯ ಅಕ್ಕಪಕ್ಕದ ಹೆಸರುಗಳನ್ನು ವಿಡಿಯೊದಲ್ಲಿ ಹುಡುಕುವುದರಿಂದ ಜನಪ್ರಿಯವಲ್ಲದ ಆದರೆ ಸೊಗಸಾದ ಕೃತಿಗಳು ಸಿಕ್ಕಿವೆ.

ಒಂದು ಸಮಯಕ್ಕೆ ಒಂದು ಎಟ್ಯೂಡ್, ಕಲಿಯುತ್ತಿರುವ ಒಂದು ಕೃತಿ, ಮರೆಯದಂತೆ ಉಳಿಸಿಕೊಳ್ಳಬೇಕಾದ ಒಂದು ಹಳೆಯ ಕೃತಿ, ಇಷ್ಟಕ್ಕಿಂತ ಹೆಚ್ಚನ್ನು ನಾನು ಇಟ್ಟುಕೊಳ್ಳುವುದಿಲ್ಲ. ಎಟ್ಯೂಡ್ ಯಾವಾಗಲೂ ಮುಂದಿನ ಕೃತಿಗೆ ಬೇಕಾದದ್ದನ್ನೇ ಕಲಿಸುವಂತಿರಬೇಕು. ತಾರೆಗನ ರೆಕ್ವೆರ್ದೋಸ್ ದೆ ಲಾ ಅಲಾಂಬ್ರ ನುಡಿಸಬೇಕೆಂಬ ಆಸೆ ಈ ವಾದ್ಯ ಹಿಡಿದ ಪ್ರತಿಯೊಬ್ಬರಿಗೂ ಇರುವಂತೆ ನನಗೂ ಇದೆ. ಹೆಬ್ಬೆರಳು ಕೆಳಗಿನ ಸ್ವರವನ್ನು ಮೀಟಿದ ಕೂಡಲೇ ಉಂಗುರಬೆರಳು, ನಡುಬೆರಳು, ತೋರುಬೆರಳುಗಳು ಒಂದೇ ತಂತಿಯನ್ನು ಒಂದರ ಹಿಂದೊಂದು ಮೀಟಿ, ಕಿವಿಗೆ ಅದು ಎಳೆದ ಸ್ವರದಂತೆ ಕೇಳಿಸಬೇಕು. ಇದನ್ನು ಟ್ರೆಮೊಲೊ ಎನ್ನುತ್ತಾರೆ. ಕೃತಿಯ ಉದ್ದಕ್ಕೂ ಇದು ಎಲ್ಲಿಯೂ ನಿಲ್ಲುವುದಿಲ್ಲ, ಆದ್ದರಿಂದ ಅಲ್ಲಿಯೇ ಟ್ರೆಮೊಲೊ ಕಲಿಯಲು ಹೋಗುವುದು ನನಗೆ ಸರಿ ಕಾಣಲಿಲ್ಲ. ಕಾರ್ಕಾಸ್ಸಿಯ ಓಪಸ್ 60ರ ಏಳನೆಯ ಎಟ್ಯೂಡ್, ಎ ಮೈನರಿನದು, ಇದೇ ಬೆರಳುಗಳ ಓಟವನ್ನು ಚಿಕ್ಕ ಅವಧಿಯಲ್ಲಿ, ಸುಲಭವಾದ ಎಡಗೈ ಹಿಡಿತಗಳೊಂದಿಗೆ ಕಲಿಸುತ್ತದೆ. ಈಗ ನನ್ನ ಮ್ಯೂಸಿಕ್ ಸ್ಟ್ಯಾಂಡಿನ ಮೇಲಿರುವುದು ಅದೇ. ಲಯ ತೋರಿಸುವ ಮೆಟ್ರೊನೋಮ್ ಇಟ್ಟುಕೊಂಡು, ಮೂರು ಬೆರಳುಗಳ ಪೆಟ್ಟೂ ಒಂದೇ ತೂಕದಲ್ಲಿ ಬೀಳುತ್ತಿದೆಯೇ ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುತ್ತಿದ್ದೇನೆ. ನಡುಬೆರಳಿನ ಸ್ವರ ಇನ್ನೂ ಉಳಿದೆರಡಕ್ಕಿಂತ ಮೆತ್ತಗಿದೆ. ಅದು ಸಮವಾಗುವವರೆಗೆ ಅಲಾಂಬ್ರದ ಪಾಠಗಳು ಸೇವ್ ಮಾಡಿಟ್ಟಲ್ಲೇ ಇರುತ್ತವೆ.